ಶಾಲೆಯ ಮಾಡು ಇಳಿಸಿದ ರಜೆ

ಹೆಂಡತಿ ತೀರಿಕೊಂಡ ಮೇಲಿನ ಮೊದಲ ಬೇಸಗೆ ರಜೆಯಲ್ಲಿ ನಮ್ಮೂರಿನ ಶಾಲೆಯ ಹೆಡ್ ಟೀಚರ್ ಮನೆಗೆ ಬಂದರು. ನಾನು ನೀರು, ಬೆಲ್ಲ ಕೊಟ್ಟೆ. ಚಾ ಮಾಡಲು ನನಗೆ ಆಗ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ.

"ಮೇಸ್ತ್ರಿಯವರೇ, ಶಾಲೆಯ ಉದ್ದ ಕಟ್ಟಡದ ಸಿಮೆಂಟ್ ಶೀಟು ತೆಗೆಯಬೇಕು. ಅದು ಇರುವವರೆಗೆ ಪಂಚಾಯತಿನಿಂದ ಫಿಟ್ನೆಸ್ ಸಿಗುವುದಿಲ್ಲ" ಎಂದರು.

"ನಾನು ಕೆಲಸ ಬಿಟ್ಟೆ ಟೀಚರ್."

"ಗೊತ್ತುಂಟು. ಅದಕ್ಕೇ ಬಂದದ್ದು."

ಆ ಶೀಟು ಹಾಕಿದವನು ನಾನೇ. ಮದುವೆಯಾದ ಹೊಸತು. ಮೊದಲು ಹಂಚಿನ ಮಾಡು ಇತ್ತು, ಮಳೆಗಾಲದಲ್ಲಿ ಸೋರಿ ಮಕ್ಕಳು ಬೆಂಚು ಎಳೆದುಕೊಂಡು ಗೋಡೆಯಿಂದ ಗೋಡೆಗೆ ಹೋಗುತ್ತಿದ್ದರು. ಶೀಟು ಬಂದ ವರ್ಷ ಊರಿನವರು ನೋಡಲು ಬಂದಿದ್ದರು. ಈಗ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಉಂಟು, ಮಕ್ಕಳ ತಲೆಯ ಮೇಲೆ ಅದು ಇರಬಾರದು ಎಂದು ಸರಕಾರದ ಆದೇಶ. ನಮ್ಮ ಕಡೆ ಪ್ರತಿ ವರ್ಷ ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಎಂಜಿನಿಯರ್ ಬಂದು ಕಟ್ಟಡ ನೋಡಿ ಕಾಗದ ಕೊಡಬೇಕು. ಕಾಗದ ಇಲ್ಲದಿದ್ದರೆ ಬಾಗಿಲು ತೆಗೆಯುವ ಹಾಗಿಲ್ಲ. ನಮ್ಮದು ಗಡಿನಾಡಿನ ಕನ್ನಡ ಶಾಲೆ, ಮಕ್ಕಳು ಮೊದಲೇ ಕಡಿಮೆ. ತೆರೆಯುವುದು ತಡವಾದರೆ ಇದ್ದವರನ್ನೂ ಇಂಗ್ಲಿಷ್ ಶಾಲೆಯ ವ್ಯಾನು ಕೊಂಡುಹೋಗುತ್ತದೆ.

ಪಿಟಿಎಯವರು ಆಗಲೇ ಒಂದು ತೀರ್ಮಾನ ಮಾಡಿದ್ದರು. ಬರುವ ಭಾನುವಾರ ಶ್ರಮದಾನ. ಅಪ್ಪಂದಿರು ಮಾಡಿಗೆ ಹತ್ತಿ ಹಾರೆಯಲ್ಲಿ ಶೀಟು ಎಬ್ಬಿಸಿ ಕೆಳಗೆ ಹಾಕುವುದು, ಅಮ್ಮಂದಿರು ಹಿಡಿಸೂಡಿ ತಂದು ಗುಡಿಸುವುದು, ಮಧ್ಯಾಹ್ನ ಊಟ, ಪಾಯಸ. ಒಡೆಯದೆ ಉಳಿದ ಶೀಟು ಬೇಕಾದವರು ಮನೆಗೆ ಕೊಂಡುಹೋಗಬಹುದು. ಒಡೆದ ಚೂರು ಗೇಟಿನ ಹತ್ತಿರದ ಕೆಸರಿಗೆ. ನಮ್ಮೂರಿನಲ್ಲಿ ಯಾವ ಕಟ್ಟಡ ಬಿಚ್ಚಿದರೂ ಹೀಗೆಯೇ. ಮಾಡಿನ ಒಂದು ಪಕ್ಕಾಸು ಮರ ಕೂಡ ಹಾಳಾಗಲು ಬಿಡುವುದಿಲ್ಲ.

"ನಾನು ಬೇಡ ಎಂದರೆ ಟೀಚರಿಗೆ ಪುಸ್ತಕ ಓದಿ ಬಂದ ಹೆದರಿಕೆ ಎನ್ನುತ್ತಾರೆ. ನೀವು ಬಂದು ಹೇಳಬೇಕು" ಎಂದರು.

"ನಾನು ಎಂತ ಹೇಳುವುದು?"

ಅವರು ಗೋಡೆಯ ಮೇಲಿದ್ದ ನನ್ನ ಹೆಂಡತಿಯ ಫೋಟೊ ನೋಡಿದರು. ಮತ್ತೆ ಬೆಲ್ಲದ ತಟ್ಟೆ ನೋಡಿದರು.

ನನ್ನ ಹೆಂಡತಿ ಯಾವುದರಿಂದ ಸತ್ತಳು ಎಂಬುದು ಊರಿನಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಆಸ್ಪತ್ರೆಯ ಇಂಗ್ಲಿಷ್ ಕಾಗದವನ್ನು ನಮಗೆ ಓದಿ ಹೇಳಿದವರು ಅವರೇ.

ಶೀಟು ಕೆಲಸದಲ್ಲಿ ಧೂಳು ಇರುವುದೇ. ಕೈಗರಗಸದ ಕಾಲದಲ್ಲಿ ಸ್ವಲ್ಪ ಇತ್ತು. ಕಟ್ಟಿಂಗ್ ಮಿಷನ್ ಬಂದ ಮೇಲೆ ಕೆಲಸ ಬೇಗ ಆಯಿತು, ಧೂಳು ಹೊಗೆಯ ಹಾಗೆ ಏಳತೊಡಗಿತು. ಸಂಜೆ ಮನೆಗೆ ಬರುವಾಗ ಹುಬ್ಬು, ಕಿವಿ, ಅಂಗಿಯ ಕಿಸೆ ಎಲ್ಲ ಬಿಳಿ. "ಹಿಟ್ಟಿನ ಮಿಲ್ಲಿನಿಂದ ಬಂದದ್ದಾ?" ಎಂದು ಅವಳು ಕೇಳುವುದು. ನಾನು ಅಂಗಿ ಬಿಚ್ಚಿ ಜಗಲಿಯಲ್ಲಿ ಇಟ್ಟರೆ ಅವಳು ಅದನ್ನು ಅಂಗಳದ ಕೊನೆಗೆ ಕೊಂಡುಹೋಗಿ ಎರಡು ಕೈಯಲ್ಲಿ ಹಿಡಿದು ಪಟಪಟ ಕೊಡವುತ್ತಿದ್ದಳು. ಬೇಸಗೆಯಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ. ಧೂಳು ಮೊದಲೇ ಹೋದರೆ ಒಗೆಯುವಾಗ ಒಂದು ಕೊಡ ನೀರು ಉಳಿಯುತ್ತದೆ ಎಂದು ಅವಳ ಲೆಕ್ಕ. ಮದುವೆಯಾದ ದಿನದಿಂದ ಕಾಯಿಲೆ ಬೀಳುವವರೆಗೆ ಅವಳು ಹೀಗೆ ಮಾಡಿದಳು. ಇಬ್ಬರಿಗೂ ಅದು ಕೆಲಸ ಎಂದೇ ಅನಿಸಿರಲಿಲ್ಲ.

ಅವಳಿಗೆ ಮೊದಲು ಬಲಬದಿಯ ಬೆನ್ನು ನೋವು. ಮತ್ತೆ ಗುಡ್ಡೆ ಹತ್ತುವಾಗ ಏದುಸಿರು. ಎಲ್ಲರೂ ಒಂದೇ ಮಾತು ಹೇಳಿದರು: ಮದ್ದಿನದ್ದು. ನಮ್ಮ ಮನೆ ಇರುವುದು ಸರಕಾರದ ಗೇರು ಗುಡ್ಡೆಯ ಬುಡದಲ್ಲಿ. ಹಿಂದೆ ಅಲ್ಲಿ ಗೇರಿನ ಕೀಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿದ್ದರು. ನಾವು ಅದಕ್ಕೆ ಮದ್ದು ಎಂದೇ ಹೇಳುವುದು. ಮೊದಲ ಸಲ ಹೆಲಿಕಾಪ್ಟರ್ ಬಂದಾಗ ಅವಳು ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿದ್ದಳಂತೆ, ಮುಖಕ್ಕೆ ತುಂತುರು ಬಿದ್ದಿತ್ತಂತೆ. ಬಾವಿ ಮುಚ್ಚಲು ಹೇಳಿದ್ದರು, ನಾವು ಸೊಪ್ಪು ಹಾಕಿ ಮುಚ್ಚಿದ್ದೆವು. ಹಾಗಾಗಿ ನಮ್ಮೂರಿನಲ್ಲಿ ಯಾರಿಗೆ ಎಂತ ಬಂದರೂ ನಾವು ಮೊದಲು ಗುಡ್ಡೆಯ ಕಡೆಗೆ ನೋಡುತ್ತೇವೆ. ನೋಡಲು ಕಾರಣ ಉಂಟು. ಇಲ್ಲಿನ ಮನೆಗಳ ಒಳಗೆ ಮಲಗಿರುವ ಮಕ್ಕಳನ್ನು ಕಂಡವರು ಅದನ್ನು ಸುಳ್ಳು ಎನ್ನಲಾರರು.

ನಾವೂ ನೋಡಿದೆವು. ಮದ್ದಿನ ಕಾಯಿಲೆಯವರಿಗೆ ಸರಕಾರ ಮಾಡುವ ಕ್ಯಾಂಪಿಗೆ ಕಾದೆವು. ಅದು ಮುಂದಕ್ಕೆ ಹೋಯಿತು, ಮತ್ತೆ ಕಾದೆವು. ಕ್ಯಾಂಪಿನ ಡಾಕ್ಟರು ಬೆನ್ನಿಗೆ ಸ್ಟೆತ್ ಇಟ್ಟು, "ಇದು ನಾವು ಇಲ್ಲಿ ನೋಡುವ ಕಾಯಿಲೆಯ ಹಾಗೆ ಕಾಣುವುದಿಲ್ಲ ಅಮ್ಮ, ಒಳಗೆ ನೀರು ತುಂಬಿದೆ, ತಡ ಮಾಡದೆ ಮಂಗಳೂರಿಗೆ ಹೋಗಿ" ಎಂದರು. ಮಂಗಳೂರಿನಲ್ಲಿ ಸೂಜಿ ಹಾಕಿ ನೀರು ತೆಗೆದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದರ ರಿಪೋರ್ಟ್ ಬಂದ ದಿನ ಅಲ್ಲಿನ ಡಾಕ್ಟರು ಕೇಳಿದ್ದು ಅವಳ ಕೆಲಸ ಅಲ್ಲ, ನನ್ನದು.

"ಶೀಟು ಹಾಕುವುದು" ಎಂದು ಅವಳೇ ಹೇಳಿದಳು. ಸ್ವಲ್ಪ ಹೆಮ್ಮೆಯಿಂದಲೇ. "ಇವರು ಹಾಕಿದ್ದು ಸೋರಿದ್ದೇ ಇಲ್ಲ."

"ಇವರ ಬಟ್ಟೆ ಯಾರು ಒಗೆಯುವುದು?"

ಅವಳು ನಕ್ಕಳು. "ಮತ್ತೆ ಯಾರು? ಇವರು ಒಗೆಯುತ್ತಾರಾ?"

ಡಾಕ್ಟರು ನಗಲಿಲ್ಲ. ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್, ಹೆಚ್ಚಾಗಿ ಆ ಶೀಟಿನ ಧೂಳಿನಿಂದಲೇ, ಹೊಕ್ಕ ನಾರು ಎಷ್ಟೋ ವರ್ಷ ಸುಮ್ಮನೆ ಇದ್ದು ಆಮೇಲೆ ಕಾಯಿಲೆಯಾಗುತ್ತದೆ ಎಂದು ನಿಧಾನವಾಗಿ ತಿಳಿಸಿದರು. ನನ್ನ ಎದೆಯ ಫೋಟೊ ಕೂಡ ತೆಗೆದರು. ನನಗೆ ಏನೂ ಇರಲಿಲ್ಲ. ಕೊನೆಕೊನೆಗೆ ಒಂದು ದಿನ ಅವಳು ಗೋಡೆಗೆ ಒರಗಿ ಕುಳಿತು, "ನಿಮ್ಮ ಎದೆ ಎಂತ ಕಲ್ಲಿನದ್ದಾ? ತಂದದ್ದು ನೀವು, ಬಂದದ್ದು ನನಗೆ" ಎಂದಳು. ತಮಾಷೆಗೇ ಹೇಳಿದ್ದು. ನಗಲು ಹೋಗಿ ಕೆಮ್ಮಿದಳು.

ಸತ್ತ ಮೇಲೆ ಜನ ಕೇಳಿದಾಗ ಎದೆಯ ಕಾಯಿಲೆ ಎಂದೆ. ಮದ್ದಿನದ್ದು ಎಂದು ಅವರೇ ಸೇರಿಸಿಕೊಂಡರು. ತಿದ್ದುವಷ್ಟು ಮಾತಾಡುವ ಮನಸ್ಸು ನನಗೆ ಇರಲಿಲ್ಲ.

ಟೀಚರ್ ಹೋದ ಮೇಲೆ ನಾನು ಅಂಗಳದಲ್ಲಿ ನಿಂತು ಲೆಕ್ಕ ಹಾಕಿದೆ. ಹಾರೆಯಲ್ಲಿ ಒಡೆದರೆ ಧೂಳು ಅಷ್ಟೂ ಜನರ ಬಟ್ಟೆಗೆ. ಗುಡಿಸಿದರೆ ಗುಡಿಸಿದವರ ಮೂಗಿಗೆ. ಕೊಂಡುಹೋದರೆ ಮನೆಮನೆಗೆ. ಆ ಶೀಟು ಇನ್ನೊಬ್ಬರ ಮನೆಗೆ ಹೋಗಬಾರದು. ನನಗೆ ಬೇಕಾದದ್ದು ಅಷ್ಟೇ. ಮರುದಿನ ಮೀಟಿಂಗಿಗೆ ಹೋದೆ.

ಮೀಟಿಂಗ್ ಅದೇ ಶೀಟಿನ ಅಡಿಯಲ್ಲಿ. ಪಿಟಿಎ ಅಧ್ಯಕ್ಷರು ನಮ್ಮೂರಿನ ಅಂಗಡಿಯ ಸಾಹೇಬ್ರು, ಗಲ್ಫಿನಿಂದ ಬಂದು ನೆಲೆ ನಿಂತವರು. ನನ್ನನ್ನು ಕಂಡು, "ಮೇಸ್ತ್ರಿ ಬಂದರು. ಇನ್ನು ಮಾಡು ತನ್ನಷ್ಟಕ್ಕೆ ಇಳಿದು ಬರ್ತದೆ" ಎಂದರು. ಎಲ್ಲರೂ ನಕ್ಕರು.

ನಾನು ಎದ್ದು ನಿಂತು ಹೇಳಿದೆ. ಒಡೆಯಬಾರದು, ನೀರು ಹಾಕಿ ಒದ್ದೆ ಮಾಡಿ ಇಡೀ ಇಳಿಸಬೇಕು. ಒಣಗಿದ್ದನ್ನು ಗುಡಿಸಬಾರದು. ಯಾರೂ ಮನೆಗೆ ಕೊಂಡುಹೋಗಬಾರದು.

"ಒಡೆಯಬಾರದು, ಗುಡಿಸಬಾರದು, ಕೊಂಡುಹೋಗಬಾರದು. ಪೂಜೆ ಮಾಡಬಹುದಾ?" ಎಂದು ಹಿಂದಿನಿಂದ ಒಬ್ಬ ಕೇಳಿದ.

ಸಾಹೇಬ್ರು ಅವನಿಗೆ ಕೈಯಲ್ಲಿ ಸುಮ್ಮನಿರಲು ಹೇಳಿದರು. ಆದರೆ ಅವರಿಗೂ ಆಸೆ ಇತ್ತು. "ನನ್ನ ಆಡಿನ ಕೊಟ್ಟಿಗೆಗೆ ನಾಲ್ಕು ಶೀಟು ಅಂತ ನಾನು ಹೇಳಿಟ್ಟಿದ್ದೆ ಮಾರಾಯ್ರೆ. ಆಡಿಗೆ ಎಂತ ಆಗ್ತದೆ? ಬಕ್ರೀದ್‌ವರೆಗೆ ಬದುಕಿದರೆ ಸಾಕಲ್ಲ ಅದಕ್ಕೆ."

"ಆಡಿಗೆ ಸೊಪ್ಪು ಹಾಕುವುದು ಯಾರು ಸಾಹೇಬ್ರೇ?"

"ಮನೆಯವಳು."

"ಅದೇ ನಾನು ಹೇಳುವುದು."

"ನಮ್ಮ ಊರಿನಲ್ಲಿ ಶೀಟಿನಿಂದ ಯಾರಿಗೆ ಎಂತ ಆಗಿದೆ, ಅದು ಹೇಳಿ ಮೇಸ್ತ್ರಿ" ಎಂದು ಪೂಜೆಯ ಮಾತು ಎತ್ತಿದವನೇ ಕೇಳಿದ.

ಆಗ ಹೇಳಿದೆ. "ನನ್ನ ಹೆಂಡತಿ ಸತ್ತದ್ದು ಇದರಿಂದ. ನನ್ನ ಅಂಗಿ ಕೊಡವಿ ಕೊಡವಿ."

ಸಾಹೇಬ್ರು ತಲೆ ತಗ್ಗಿಸಿದರು. ಆಗ ಹೆಂಗಸರ ಬೆಂಚಿನಿಂದ ಒಬ್ಬಳು ಎದ್ದಳು. ಅವಳ ಸಣ್ಣ ಮಗಳು ಆ ಶಾಲೆಯಲ್ಲಿ ಐದನೆಯಲ್ಲಿ ಇದ್ದಾಳೆ. ದೊಡ್ಡವನು ಮಗ, ಹುಟ್ಟಿದಾಗಿನಿಂದ ಎದ್ದು ಕೂತವನಲ್ಲ, ಮಾತು ಬಂದಿಲ್ಲ. ಅವನಿಗೆ ಈಗ ಇಪ್ಪತ್ತು ದಾಟಿರಬೇಕು. ಅವನಿಗೆ ಮದ್ದಿನ ಪರಿಹಾರ ಸಿಗಲೆಂದು ಅವಳು ವಿದ್ಯಾನಗರದ ಕಲೆಕ್ಟರ್ ಆಫೀಸಿನ ಮುಂದೆ ಧರಣಿ ಕೂತದ್ದನ್ನು ಊರೇ ಕಂಡಿದೆ.

"ಅಣ್ಣ, ಅಕ್ಕ ಹೋದದ್ದು ಮದ್ದಿನಿಂದ ಅಲ್ಲವಾ?"

"ಅಲ್ಲವಂತೆ. ಡಾಕ್ಟರು ಹೇಳಿದ್ದು."

"ಗುಡ್ಡೆಯ ಬುಡದಲ್ಲಿ ಇದ್ದವರೇ ಮದ್ದಿನಿಂದ ಅಲ್ಲ ಎಂದು ಮೀಟಿಂಗಿನಲ್ಲಿ ಎದ್ದು ಹೇಳಿದರೆ ನಾಳೆ ಆಫೀಸಿನವರು ನಮ್ಮ ಮಕ್ಕಳಿಗೂ ಅದನ್ನೇ ಹೇಳ್ತಾರೆ. ನೋಡಿ, ಅದು ಶೀಟಿನದ್ದಂತೆ, ಇದು ಇನ್ನೆಂತದ್ದೋ ಅಂತ."

"ಎರಡೂ ಇರಬಹುದಲ್ಲ ಅಕ್ಕ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗುವುದಿಲ್ಲ" ಎಂದರು ಟೀಚರ್.

"ಶಾಲೆಯಲ್ಲಿ ಹಾಗೆ ಟೀಚರ್. ಆಫೀಸಿನಲ್ಲಿ ಹಾಗೆ ಅಲ್ಲ."

ಅವಳು ಮತ್ತೆ ಕೂತುಕೊಳ್ಳಲಿಲ್ಲ. ಚೀಲ ಹೆಗಲಿಗೆ ಹಾಕಿ ಹೊರಗೆ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿ ಎಂದು ನನಗೆ ಈಗಲೂ ಗೊತ್ತಿಲ್ಲ.

ಶ್ರಮದಾನ ನಿಂತಿತು. ಮಾಡು ಇಳಿಸುವ ಕೆಲಸ ನನ್ನ ಮೇಲೆ ಬಿತ್ತು. ಹಾಕುವುದು ನನಗೆ ಗೊತ್ತು, ಹೀಗೆ ತೆಗೆಯುವುದು ಗೊತ್ತಿರಲಿಲ್ಲ. ಟೀಚರ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ಆಗುವುದು ಯಾವುದು, ಆಗದ್ದು ಯಾವುದು ಎಂದು ಇಬ್ಬರೂ ಕೂತು ನೋಡಿದೆವು. ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿದರೆ ಶೀಟು ಚೆನ್ನಾಗಿ ನೀರು ಕುಡಿಯುತ್ತದೆ ಎಂದು ಅವರೇ ಓದಿದ್ದು. ಧೂಳಿಗೆ ಆಗುವ ಮಾಸ್ಕನ್ನು ಮಂಗಳೂರಿನಿಂದ ತರಿಸಿದರು. ಸಾಹೇಬ್ರು ದಪ್ಪ ಪ್ಲಾಸ್ಟಿಕ್, ಪೈಪು ಕೊಟ್ಟರು. ಆಡಿನ ಮಾತು ಮತ್ತೆ ಎತ್ತಲಿಲ್ಲ.

ನಾವು ಮೂವರು. ನಾನು, ಹಿಂದೆ ನನ್ನ ಜೊತೆ ದುಡಿಯುತ್ತಿದ್ದ ಇಬ್ಬರು. ಶಾಲೆಯ ಸುತ್ತ ಹಗ್ಗ ಕಟ್ಟಿದೆವು. ಬೆಂಚು, ಕಪಾಟು ಎಲ್ಲ ಹೊರಗೆ. ಒಬ್ಬ ಕೆಳಗಿನಿಂದ ನೀರು ಬಿಡುವುದು, ಇನ್ನಿಬ್ಬರು ಹಲಗೆಯ ಮೇಲೆ ಮಲಗಿದ ಹಾಗೆ ಕೂತು ಕೊಕ್ಕೆ ಕತ್ತರಿಸುವುದು. ನಾನೇ ಎಂದೋ ಬಿಗಿ ಮಾಡಿದ ಕೊಕ್ಕೆಗಳು, ತುಕ್ಕು ಹಿಡಿದು ಶೀಟಿಗೇ ಅಂಟಿದ್ದವು. ತಿರುಗಿಸಿದರೆ ಶೀಟು ಬಿರಿಯುತ್ತದೆ ಎಂದು ಎಲ್ಲವನ್ನೂ ಕತ್ತರಿಸಿದೆವು. ಒಂದೊಂದು ಶೀಟನ್ನೂ ಹಗ್ಗದಲ್ಲಿ ಇಳಿಸಿ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿದೆವು. ಬೇಸಗೆಯ ಬಿಸಿಲು, ಮಾಸ್ಕಿನ ಒಳಗೆ ಬೆವರು ಬಾಯಿಗೆ ಬರುತ್ತಿತ್ತು. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕಟ್ಟಿಗೆ ಸೇರಿಸಿದೆವು.

ಸಂಜೆ ಯಾರೂ ತೊಟ್ಟ ಬಟ್ಟೆಯಲ್ಲಿ ಮನೆಗೆ ಹೋಗುವ ಹಾಗಿರಲಿಲ್ಲ. ಶಾಲೆಯ ಟ್ಯಾಂಕಿಯ ಹತ್ತಿರ ಮಿಂದು, ಬೇರೆ ಮುಂಡು ಉಟ್ಟು ಹೋಗಬೇಕು. ತೊಟ್ಟದ್ದು ಅಲ್ಲೇ ಚೀಲದಲ್ಲಿ.

"ಒಳ್ಳೆ ಅಂಗಿ ಮೇಸ್ತ್ರಿ. ಇದನ್ನು ಬಿಟ್ಟು ಹೋದರೆ ಮನೆಯಲ್ಲಿ ಬೈತಾಳೆ" ಎಂದ ಒಬ್ಬ.

"ಬೈಲಿ ಮಾರಾಯ. ಬೈಯುವವಳು ಇರಲಿ."

ಅವನು ಅಂಗಿ ಚೀಲಕ್ಕೆ ಹಾಕಿದ.

ತಗಡಿನ ಹೊಸ ಮಾಡು ಹಾಕಿದ್ದು ಬೇರೆಯವರು. ಎಂಜಿನಿಯರ್ ನೋಡಿ ಕಾಗದ ಕೊಟ್ಟರು. ಜೂನಿನಲ್ಲಿ ಶಾಲೆ ತೆರೆಯಿತು. ಶೀಟಿನ ಕಟ್ಟುಗಳು ಮಾತ್ರ ಹೋಗಲಿಲ್ಲ. ಇಂಥದ್ದನ್ನು ಹೂಳುವ ಜಾಗ ದೂರ ತೆಂಕಣದ ಒಂದು ಜಿಲ್ಲೆಯಲ್ಲಿ ಉಂಟಂತೆ, ಅಲ್ಲಿಂದಲೇ ಗಾಡಿ ಬರಬೇಕಂತೆ. ಟೀಚರ್ ಫೋನ್ ಮಾಡುತ್ತಲೇ ಇದ್ದರು. ಅಲ್ಲಿಯವರೆಗೆ ಹಳೆಯ ಸೌದೆ ಕೋಣೆಯಲ್ಲಿ ಇಟ್ಟು, ಬಾಗಿಲಿಗೆ ಹಲಗೆ ಬಡಿದು, ಮುಟ್ಟಬಾರದು ಎಂದು ಕನ್ನಡದಲ್ಲಿ, ಮಲಯಾಳದಲ್ಲಿ ಬರೆದು ಹಾಕಿದೆವು. ನಾನು ಆಗಾಗ ಹೋಗಿ ಪ್ಲಾಸ್ಟಿಕ್ ಹರಿದಿದೆಯಾ ಎಂದು ನೋಡಿ ಬರುತ್ತಿದ್ದೆ. ಮನೆಯಲ್ಲಿ ನನಗೆ ಬೇರೆ ಕೆಲಸವೂ ಇರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಹೋದಾಗ ಹಲಗೆ ಬಿಚ್ಚಿತ್ತು. ಒಂದು ಕಟ್ಟಿನ ಟೇಪನ್ನು ನಾಜೂಕಾಗಿ ಬಿಡಿಸಿ, ಕೆಲವು ಶೀಟು ತೆಗೆದು, ಪ್ಲಾಸ್ಟಿಕನ್ನು ಮಡಚಿ ಮೇಲೆ ಇಟ್ಟಿದ್ದರು. ಹಾಳು ಮಾಡುವವರು ಮಡಚಿ ಇಡುವುದಿಲ್ಲ. ಬೇಕಾದವರೇ ಯಾರೋ ತೆಗೆದದ್ದು.

ಟೀಚರಿಗೆ ತಿಳಿಸಿದೆ. ಕೋಣೆಗೆ ಬೀಗ ಹಾಕಿಸಿದರು. "ಪೊಲೀಸ್ ಕಂಪ್ಲೇಂಟ್ ಕೊಡುವುದಾ?" ಎಂದರು. "ಬೇಡ, ಹಾಕಿದ ಮಾಡನ್ನು ಅಡಗಿಸಿಡಲು ಆಗುವುದಿಲ್ಲ. ನಾನು ನೋಡುತ್ತೇನೆ" ಎಂದೆ.

ಗುಡ್ಡೆಯ ಬದಿಯ ದಾರಿಯಲ್ಲಿ ಮನೆಮನೆಯ ಮಾಡು ನೋಡುತ್ತಾ ನಡೆದೆ. ಬಹಳ ದೂರ ಹೋಗಬೇಕಾಗಲಿಲ್ಲ. ಮೀಟಿಂಗಿನಿಂದ ಎದ್ದು ಹೋದವಳ ಮನೆಯ ಹಿಂದೆ ಹೊಸ ಬಚ್ಚಲು. ಮೂರು ಬದಿ ಕೆಂಪು ಕಲ್ಲು, ಮೇಲೆ ನನ್ನ ಶೀಟು. ನೋಡಿದ ಕೂಡಲೇ ಗೊತ್ತಾಯಿತು, ತೂತು ಹಾಕುವಾಗ ಎಲ್ಲಿ ಹಾಕುತ್ತೇನೆ ಎಂದು ನನಗೆ ಗೊತ್ತುಂಟು. ಈಗ ಆ ತೂತುಗಳನ್ನು ಬಿಟ್ಟು ಬೇರೆ ಕಡೆ ಮೊಳೆ ಹೊಡೆದಿದ್ದರು. ಮೊಳೆಯ ಸುತ್ತ ಬಿರುಕು. ಕೆಳಗೆ ಮೀಯುವ ಕಲ್ಲಿನ ಅಂಚಿನಲ್ಲಿ ಬಿಳಿ ಪುಡಿ.

ಅವಳು ಹೊರಗೆ ಬಂದಳು. ಗಂಡ ಲಾರಿಯಲ್ಲಿ ಹೋಗುವವನು, ಮನೆಯಲ್ಲಿ ಇರಲಿಲ್ಲ.

"ಕದ್ದದ್ದು ಅಂತ ಹೇಳುವುದಾದರೆ ಹೇಳಿ ಅಣ್ಣ. ನಾನೂ ನನ್ನ ತಮ್ಮನೂ ತಂದದ್ದು."

"ಅದು ಹೇಳಲು ಬಂದದ್ದಲ್ಲ ಅಕ್ಕ."

"ಅವನನ್ನು ಇಷ್ಟು ವರ್ಷ ಅಂಗಳದಲ್ಲಿ ಮೀಯಿಸಿದ್ದು. ಈಗ ಮೀಸೆ ಬಂದಿದೆ. ದಾರಿಯಲ್ಲಿ ಹೋಗುವವರು ನೋಡ್ತಾರೆ. ಅವನಿಗೆ ನಾಚಿಕೆ ಆಗ್ತದೆ, ಹೇಳಲು ಬರುವುದಿಲ್ಲ ಅಷ್ಟೆ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಎಷ್ಟು ಜನ ಬಂದು ಅವನ ಫೋಟೊ ತೆಗೆದರು. ಮೀಯಲು ಒಂದು ಮಾಡು ಯಾರೂ ಹಾಕಿಕೊಡಲಿಲ್ಲ."

ಬಾಗಿಲಿನಿಂದ ಒಳಗೆ ಕಾಣುತ್ತಿತ್ತು. ಚಾಪೆಯ ಮೇಲೆ ಅವನು ಒಂದು ಬದಿಗೆ ಮಲಗಿದ್ದ. ಗಡ್ಡ ಬೋಳಿಸಿ, ತಲೆ ಬಾಚಿ, ಪೌಡರ್ ಹಾಕಿದ್ದಳು. ಅವನು ನನ್ನನ್ನೇ ನೋಡುತ್ತಿದ್ದ.

"ಈ ಶೀಟು ಬೇಡ. ನಾಳೆ ನಾನು ಬೇರೆ ತಂದು ಹಾಕುತ್ತೇನೆ. ಅಲ್ಲಿಯವರೆಗೆ ಇದರ ಅಡಿಯಲ್ಲಿ ಮೀಯಿಸಬೇಡಿ. ಗುಡಿಸಲೂ ಬೇಡಿ" ಎಂದೆ.

"ಹಾಕದಿದ್ದರೆ?"

"ಹಾಕುತ್ತೇನೆ."

ನಮ್ಮ ಸೌದೆ ಕೊಟ್ಟಿಗೆಗೆ ತಗಡು ಹಾಕಿಸಿದ್ದವಳು ಅವಳೇ, ನನ್ನ ಹೆಂಡತಿ. ನನ್ನ ಒಬ್ಬನ ಅಡುಗೆಗೆ ಈಗ ಗ್ಯಾಸ್ ಸಾಕು. ಆ ತಗಡು ಬಿಚ್ಚಿ ಮರುದಿನ ಪಿಕಪ್ಪಿನಲ್ಲಿ ಕೊಂಡುಹೋದೆ. ಆ ಮನೆಯವಳಿಗೆ ಮಗನ ಜೊತೆ ಒಳಗೆ ಹೋಗಿ ಕಿಟಕಿ, ಬಾಗಿಲು ಹಾಕಿಕೊಳ್ಳಲು ಹೇಳಿದೆ. ಶೀಟು ಮಳೆಗೆ ನೆನೆದಿತ್ತು, ಆದರೂ ಮತ್ತೆ ನೀರು ಹಾಕಿದೆ. ಮೊಳೆಯ ತಲೆ ಕತ್ತರಿಸಿ ಒಂದೊಂದಾಗಿ ಇಳಿಸಿದೆ. ಒಂದು ಶೀಟು ಕೈಯಲ್ಲೇ ಎರಡಾಯಿತು. ಒದ್ದೆಯಾಗಿದ್ದ ಕಾರಣ ಪುಡಿ ಏಳಲಿಲ್ಲ. ಸುತ್ತಿ ಕಟ್ಟಿದೆ. ಕಲ್ಲು, ಗೋಡೆ, ನೆಲ ಎಲ್ಲ ಒರೆಸಿ ತೊಳೆದೆ. ಆ ಪುಡಿ ಬಿದ್ದಾಗ ಅಲ್ಲಿ ಮಿಂದವನಿಗೆ, ಮೀಯಿಸಿದವಳಿಗೆ ಎಷ್ಟು ಒಳಗೆ ಹೋಗಿದೆಯೋ ಅದನ್ನು ತೊಳೆಯಲು ಬರುವುದಿಲ್ಲ. ಅದು ಗೊತ್ತಾಗುವಾಗ ನಾನು ಇರುವುದಿಲ್ಲ.

ತಗಡು ಹಾಕಿ ಮುಗಿಯುವಾಗ ಮಳೆ ಬಂತು. ಅವಳು ಬಾಗಿಲು ತೆಗೆದು ಜಗಲಿಗೆ ಬಂದು ಮಾಡನ್ನು ನೋಡಿದಳು.

"ಶಬ್ದ ಜಾಸ್ತಿ" ಎಂದಳು.

"ತಗಡು ಹಾಗೆಯೇ."

"ಅವನಿಗೆ ಶಬ್ದ ಇಷ್ಟ. ಆಗಬಹುದು."

ಮಳೆ ಬಿಡುವ ಹಾಗೆ ಕಾಣಲಿಲ್ಲ. ನಾನು ಹೊಸ ತಗಡಿನ ಅಡಿಯಲ್ಲೇ ನಿಂತಿದ್ದೆ. ಅವಳು ಜಗಲಿಯ ಕೊನೆಗೆ ಬಂದು ಕೂತಳು.

"ಅಕ್ಕನಿಗೆ ಕೊನೆಗೆ ನೋವಿತ್ತಾ?"

ಹೆಂಡತಿ ಹೋದ ಮೇಲೆ ಎಷ್ಟೋ ಜನ ಮನೆಗೆ ಬಂದಿದ್ದರು. ಪ್ರಾಯ ಎಷ್ಟು, ಯಾವ ಆಸ್ಪತ್ರೆ, ಉತ್ತರಕ್ರಿಯೆಯ ಬೊಜ್ಜ ಯಾವತ್ತು ಎಂದೆಲ್ಲ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇತ್ತು" ಎಂದೆ.

"ಎಲ್ಲಿ?"

ನಾನು ಬಲಗೈಯನ್ನು ಹಿಂದಕ್ಕೆ ತಿರುಗಿಸಿ ಹೆಗಲ ಮೂಳೆಯ ಕೆಳಗೆ ಮುಟ್ಟಿ ತೋರಿಸಿದೆ. ಅವಳು ಆ ಜಾಗವನ್ನೇ ನೋಡಿದಳು. ಮಾತು ಬಾರದವನ ನೋವು ಎಲ್ಲಿ ಎಂದು ದಿನಾ ಹುಡುಕುವವಳು.

"ಹಾಗಾದರೆ ಮಲಗುವುದು ಹೇಗೆ?"

"ಮಲಗಲು ಆಗುತ್ತಿರಲಿಲ್ಲ. ಕೂತೇ ನಿದ್ದೆ. ಮುಂದೆ ದಿಂಬು ಇಟ್ಟು ಅದರ ಮೇಲೆ ತಲೆ ಇಡುವುದು. ನಾನು ಹಿಂದೆ ಕೂತು ಬೆನ್ನು ಹಿಡಿಯುವುದು."

ಒಳಗಿನಿಂದ ಅವನು ಕೂಗಿದ ಹಾಗೆ ಶಬ್ದ ಬಂತು. "ಬಂದೆ ಮಗಾ" ಎಂದಳು. ಆದರೆ ಎದ್ದು ಹೋಗಲಿಲ್ಲ.

"ಮತ್ತೆ?" ಎಂದಳು.

ನಾನು ಹೇಳಿದೆ.